ಪಿಎಚ್‌ಡಿಗೆ ರೋಗದ ಹೆಸರು ಸಾಲದು

ಜೀವರಸಾಯನಶಾಸ್ತ್ರದ ಪಿಎಚ್‌ಡಿ ಸಂದರ್ಶನಕ್ಕೆ ಬಂದವರನ್ನು ಯಾವುದರ ಮೇಲೆ ಕೆಲಸ ಮಾಡಬೇಕೆಂದಿದ್ದೀರಿ ಎಂದು ಕೇಳಿದರೆ, ಬಹುಪಾಲು ಮಂದಿ ಕ್ಯಾನ್ಸರ್ ಎನ್ನುತ್ತಾರೆ. ರಾಷ್ಟ್ರೀಯ ಅರ್ಹತಾ ಪರೀಕ್ಷೆಯಾದ ನೆಟ್ ಪಾಸಾಗಿ ಜೆಆರ್‌ಎಫ್ ಎಂಬ ಸಂಶೋಧನಾ ಫೆಲೋಶಿಪ್ ಪಡೆದ, ಜೀವಕೋಶ ಆಹಾರದಿಂದ ಶಕ್ತಿ ಪಡೆಯುವ ಕ್ರೆಬ್ಸ್ ಚಕ್ರದ ಒಂದೊಂದು ಕಿಣ್ವವನ್ನೂ ತಪ್ಪಿಲ್ಲದೆ ಹೇಳಬಲ್ಲ ಮಕ್ಕಳಿವರು. ಆದರೂ ಕ್ಯಾನ್ಸರ್‌ನಲ್ಲಿ ಏನನ್ನು ತಿಳಿಯಬೇಕು ಎಂದು ಮರಳಿ ಕೇಳಿದರೆ ಉತ್ತರ ಬರುವುದಿಲ್ಲ. ಯೀಸ್ಟ್ ಅಥವಾ ಬ್ಯಾಕ್ಟೀರಿಯಾದ ಮೇಲೆ ಕೆಲಸ ಮಾಡುವ ಒಳ್ಳೆಯ ಲ್ಯಾಬಿನಲ್ಲಿ ಜಾಗ ಸಿಕ್ಕರೂ ಅದನ್ನು ಸಣ್ಣ ಕೆಲಸವೆಂದು ಬಗೆದು ಬಿಟ್ಟುಹೋಗುವವರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

1984ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಎಲಿಜಬೆತ್ ಬ್ಲ್ಯಾಕ್‌ಬರ್ನ್ ಅವರ ಲ್ಯಾಬ್ ಸೇರಿದ ವಿದ್ಯಾರ್ಥಿನಿ ಕ್ಯಾರಲ್ ಗ್ರೈಡರ್ ಕೈಗೆತ್ತಿಕೊಂಡದ್ದು ಟೆಟ್ರಾಹೈಮಿನಾ ಎಂಬ, ಕೊಳದ ನೀರಿನಲ್ಲಿ ಬದುಕುವ ಏಕಕೋಶ ಜೀವಿಯನ್ನು. ಡಿಎನ್‌ಎ ನಕಲಾದಾಗಲೆಲ್ಲ ವರ್ಣತಂತುವಿನ ತುದಿ ತುಸು ಸವೆಯಬೇಕಷ್ಟೆ. ಹಾಗಿದ್ದರೆ ಅದನ್ನು ಮತ್ತೆ ಬೆಳೆಸುವ ಕಿಣ್ವವೊಂದು ಇದೆಯೇ ಎಂಬುದು ಅವರ ಪ್ರಶ್ನೆ. ಜೀವಕೋಶದ ಸಾರಕ್ಕೆ ಕೃತಕವಾಗಿ ತಯಾರಿಸಿದ ತುದಿಯ ಡಿಎನ್‌ಎ ತುಣುಕನ್ನೂ ವಿಕಿರಣಶೀಲ ಗುರುತಿನ ನ್ಯೂಕ್ಲಿಯೋಟೈಡನ್ನೂ, ಅಂದರೆ ಡಿಎನ್‌ಎಯ ಅಕ್ಷರವನ್ನೂ ಬೆರೆಸಿ, ತುಣುಕುಗಳನ್ನು ಉದ್ದದ ಪ್ರಕಾರ ಬೇರ್ಪಡಿಸುವ ಜೆಲ್ ಓಡಿಸಿದಾಗ, ಆ ವರ್ಷದ ಕ್ರಿಸ್‌ಮಸ್ ದಿನ ಆರಾರು ಅಕ್ಷರಗಳ ಅಂತರದ ಪಟ್ಟಿಗಳು ಒಂದರ ಮೇಲೊಂದು ಮೂಡಿದ್ದವು. ಟೆಟ್ರಾಹೈಮಿನಾದ ತುದಿಯಲ್ಲಿ ಮರುಕಳಿಸುವುದೂ ಆರು ಅಕ್ಷರಗಳೇ. ಆದರೂ ಇದು ಡಿಎನ್‌ಎ ನಕಲು ಮಾಡುವ ಮಾಮೂಲಿ ಕಿಣ್ವವಾದ ಡಿಎನ್‌ಎ ಪಾಲಿಮರೇಸ್‌ನ ಕೆಲಸವಿರಬಹುದೇ ಎಂಬ ಅನುಮಾನ ಕಳೆಯಲು ಮತ್ತೆ ಮತ್ತೆ ಕಂಟ್ರೋಲ್ ಪ್ರಯೋಗಗಳು ನಡೆದು, ಪ್ರಬಂಧ ಪ್ರಕಟವಾದದ್ದು 1985ರ ಡಿಸೆಂಬರಿನಲ್ಲಿ. ಆ ಕಿಣ್ವವೇ ಟೆಲೊಮರೇಸ್. ಹೆಚ್ಚಿನ ಕ್ಯಾನ್ಸರ್ ಕೋಶಗಳು ಸಾಯದೆ ವಿಭಜನೆಯಾಗುತ್ತಲೇ ಇರಲು ಇದನ್ನೇ ನೆಚ್ಚಿವೆ ಎಂಬುದು ಆಮೇಲೆ ತಿಳಿಯಿತು. 2009ರಲ್ಲಿ ಇಬ್ಬರಿಗೂ, ವರ್ಣತಂತುವಿನ ತುದಿಗಳ ಬಗ್ಗೆ ಬ್ಲ್ಯಾಕ್‌ಬರ್ನ್ ಜೊತೆ ಕೆಲಸ ಮಾಡಿದ್ದ ಜಾಕ್ ಶೋಸ್ಟಾಕ್ ಅವರಿಗೂ ನೊಬೆಲ್ ಬಂದಿತು.

ಎಲ್ಲ ಯೀಸ್ಟ್ ಸಂಶೋಧನೆಯೂ ಔಷಧಿಯಲ್ಲಿ ಕೊನೆಗೊಳ್ಳುತ್ತದೆಂದು ನಾನು ಭರವಸೆ ಕೊಡಲಾರೆ, ಹೆಚ್ಚಿನವು ಕೊನೆಗೊಳ್ಳುವುದಿಲ್ಲ. ಗ್ರೈಡರ್ ಅವರ ಪ್ರಶ್ನೆಗೆ ಒಂದು ಜೆಲ್ ಹೌದು ಅಥವಾ ಇಲ್ಲ ಎನ್ನಬಲ್ಲದಾಗಿತ್ತು ಎಂಬುದನ್ನು ಮಾತ್ರ ಗಮನಿಸಿ. ಜೆಆರ್‌ಎಫ್ ಎರಡು ವರ್ಷ, ಅದರ ಮುಂದಿನ ಹಂತವಾದ ಎಸ್‌ಆರ್‌ಎಫ್ ಮೂರು ವರ್ಷ, ಒಟ್ಟು ಐದು ವರ್ಷದ ಫೆಲೋಶಿಪ್‌ನಲ್ಲಿ ಒಂದು ಪ್ರೋಟೀನಿನ ಒಂದು ಕೆಲಸವನ್ನು ಸಂದೇಹಕ್ಕೆಡೆಯಿಲ್ಲದಂತೆ ತೋರಿಸಿದರೆ ಅದು ಒಳ್ಳೆಯ ಪಿಎಚ್‌ಡಿ ಪ್ರಬಂಧ.

ಅಜ್ಜಿಯನ್ನು ಸ್ತನ ಕ್ಯಾನ್ಸರ್‌ನಲ್ಲಿ ಕಳೆದುಕೊಂಡ ಹುಡುಗಿಯೊಬ್ಬಳು, ಯೀಸ್ಟ್‌ನಲ್ಲಿ ಡಿಎನ್‌ಎ ದುರಸ್ತಿಯ ಬಗ್ಗೆ ಕೆಲಸ ಮಾಡೆಂದಾಗ ನನ್ನೆದುರೇ ಕಣ್ಣೀರಿಟ್ಟಳು. ಅವಳ ದುಃಖ ನನಗೆ ಅರ್ಥವಾಗಿತ್ತು. ಕೆಟ್ಟರೆ ಸ್ತನ ಕ್ಯಾನ್ಸರ್‌ನ ಅಪಾಯ ಹೆಚ್ಚಿಸುವ ಬಿಆರ್‌ಸಿಎ ವಂಶವಾಹಿಗಳ ಪ್ರೋಟೀನುಗಳೂ ಮುರಿದ ಡಿಎನ್‌ಎಯನ್ನು ಜೋಡಿಸುವ ಕೆಲಸದಲ್ಲೇ ತೊಡಗುತ್ತವೆ, ಆ ಜೋಡಣೆಯ ಮುಖ್ಯ ಪ್ರೋಟೀನು ಯೀಸ್ಟ್‌ನಲ್ಲೂ ಇದೆ ಎಂದು ವಿವರಿಸಿದ ಮೇಲೆ ಒಪ್ಪಿದಳು. ರೋಗಿಗಳ ಮಾದರಿಗಳ ಮೇಲೆಯೇ ಕೆಲಸ ಮಾಡುವ ಹಟವಿರುವವರು ಸೇರುವ ಮೊದಲೇ ನೈತಿಕ ಸಮಿತಿಯ ಅನುಮತಿ ಸಿಕ್ಕಿದೆಯೇ, ಮಾದರಿಗಳು ಈಗಾಗಲೇ ಫ್ರೀಜರಿನಲ್ಲಿವೆಯೇ ಎಂದು ಗೈಡ್ ಅವರನ್ನು ಸಂಕೋಚವಿಲ್ಲದೆ ಕೇಳಬೇಕು.