17 ವರ್ಷಕ್ಕೆ ಫಾರ್ವರ್ಡ್ ಆಗೋಕೆ ತಡವಾಯ್ತಾ?

ಪ್ರಶ್ನೆ: ನಮ್ಮದು ಕೆಜಿಎಫ್. ಮಗನಿಗೆ 17 ವರ್ಷ, ಪಿಯುಸಿ ಓದ್ತಿದ್ದಾನೆ. ಫುಟ್‌ಬಾಲ್‌ನಲ್ಲಿ ಫಾರ್ವರ್ಡ್ ಆಡ್ತಾನೆ, ಅಂದ್ರೆ ಮುಂದೆ ನಿಂತು ಗೋಲು ಹೊಡೆಯೋ ಜಾಗದಲ್ಲಿ, ಗೋಲೂ ಜಾಸ್ತಿ ಹೊಡೀತಾನೆ. ಆದರೆ ಯಾವ ಅಕಾಡೆಮಿಗೂ ಸೇರಿಲ್ಲ. ಫುಟ್‌ಬಾಲನ್ನೇ ವೃತ್ತಿ ಮಾಡ್ಕೊಳ್ಳೋಕೆ ತಡವಾಯ್ತಾ?

ಉತ್ತರ: ತಡವಾಗಿಲ್ಲ. ಆದರೆ ಮುಂದಿನ ಎರಡು ಮೂರು ವರ್ಷ ಸುಮ್ನೆ ಕಳೆಯುವ ಹಾಗಿಲ್ಲ.

ಇಂಗ್ಲೆಂಡಿನ ಜೇಮಿ ವಾರ್ಡಿಯನ್ನೇ ನೋಡಿ. ಆಳು ತುಂಬಾ ಚಿಕ್ಕವನು ಅಂತ 16ನೇ ವಯಸ್ಸಿಗೆ ಶೆಫೀಲ್ಡ್ ವೆನ್ಸ್‌ಡೇ ಕ್ಲಬ್ ಕೈಬಿಟ್ಟಿತು. ಆಮೇಲೆ ಫ್ಯಾಕ್ಟರಿ ಕೆಲಸ ಮಾಡಿಕೊಂಡೇ ಸಣ್ಣ ಕ್ಲಬ್‌ಗಳಲ್ಲಿ ಆಡಿದರು. 2012ರಲ್ಲಿ ಲೆಸ್ಟರ್ ಸಿಟಿ ಸೇರಿದಾಗ 25 ವರ್ಷ. 2019-20ರಲ್ಲಿ 23 ಗೋಲು ಹೊಡೆದು, ಇಂಗ್ಲೆಂಡಿನ ಅತಿ ಮೇಲಿನ ಲೀಗ್ ಆದ ಪ್ರೀಮಿಯರ್ ಲೀಗ್‌ನಲ್ಲೇ ಗೋಲು ಹೊಡೆದವರಲ್ಲಿ ಮೊದಲಿಗರಾದಾಗ 33. ಇಂಥವರು ಅಪರೂಪ, ನಿಜ. ಆದರೆ ಕ್ಲಬ್ ಕೈಬಿಟ್ಟ ಮೇಲೂ ಅವರು ಸಣ್ಣ ಕ್ಲಬ್‌ಗಳಲ್ಲಿ ದೊಡ್ಡವರ ಜೊತೆ ಮ್ಯಾಚ್ ಆಡುತ್ತಾ ಬೆಳೆದರು, ನನಗೆ ಮುಖ್ಯ ಅನ್ನಿಸುವುದು ಅದೇ.

ನಮ್ಮ ಸುನಿಲ್ ಛೆಟ್ರಿ 2002ರಲ್ಲಿ ಕೋಲ್ಕತ್ತಾದ ಮೋಹನ್ ಬಾಗಾನ್ ಕ್ಲಬ್ ಸೇರಿದಾಗ ಹೆಚ್ಚುಕಮ್ಮಿ ನಿಮ್ಮ ಮಗನ ವಯಸ್ಸೇ. 40 ತುಂಬಿದ ಮೇಲೆ, 2024-25ರ ಇಂಡಿಯನ್ ಸೂಪರ್ ಲೀಗ್‌ನಲ್ಲಿ (ಐಎಸ್‌ಎಲ್), ಬೆಂಗಳೂರು ಎಫ್‌ಸಿಗೆ 14 ಗೋಲು ಹೊಡೆದರು. ಆ ವಯಸ್ಸಲ್ಲಿ 22ರ ಡಿಫೆಂಡರ್ ಜೊತೆ ಓಡಿ ಗೆಲ್ಲೋಕೆ ಆಗಲ್ಲ ಅಲ್ವಾ? ಎಲ್ಲಿ ಇರಬೇಕು, ಯಾವಾಗ ಇರಬೇಕು ಅನ್ನೋದು ಗೊತ್ತಿರಬೇಕು.

ಹಾಗಾಗಿ ಮಗ ಎಷ್ಟು ಗೋಲು ಹೊಡೆದ ಅಂತ ಎಣಿಸಬೇಡಿ. ಮುಂದಿನ ಮ್ಯಾಚ್‌ನಲ್ಲಿ ಹತ್ತು ನಿಮಿಷ ಬಾಲ್ ಬಿಟ್ಟು ಅವನನ್ನೇ ನೋಡಿ. ಬಾಲ್ ವಿಂಗ್ ಕಡೆ, ಅಂದ್ರೆ ಮೈದಾನದ ಅಂಚಿನ ಕಡೆ, ಇದ್ದಾಗ ಸುಮ್ನೆ ನಿಂತು ಕಾಯ್ತಾನಾ, ಇಲ್ಲಾ ಡಿಫೆಂಡರ್ ಬೆನ್ನ ಹಿಂದೆ ಎರಡು ಹೆಜ್ಜೆ ಸರಿದು, ಆ ಡಿಫೆಂಡರ್ ಬಾಲ್ ಕಡೆ ಕತ್ತು ತಿರುಗಿಸಿದ ಕೂಡಲೇ ಬಾಲ್‌ಗೆ ಹತ್ತಿರದ ಗೋಲ್ ಪೋಸ್ಟ್ ಕಡೆ ನುಗ್ತಾನಾ? ಪಾಸ್ ಬರದೇ ಹೋದರೂ ಮತ್ತೆ ನುಗ್ತಾನಾ? ಕೋಚ್‌ಗಳು ಇದನ್ನೇ ನೋಡೋದು. ಇದು ಇನ್ನೂ ಬಂದಿಲ್ಲ ಅಂದ್ರೂ ಕಲಿಯಬಹುದು, ಆದರೆ ತನಗಿಂತ ಗಟ್ಟಿಯಾದ ಡಿಫೆಂಡರ್‌ಗಳ ಎದುರು ಆಡಿಯೇ ಕಲಿಯಬೇಕು.

ಅದಕ್ಕೆ ಬೆಂಗಳೂರಿನಲ್ಲಿ ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆಯ ಡಿವಿಷನ್ ಲೀಗ್‌ಗಳಿವೆ, ಎಲ್ಲಕ್ಕೂ ಮೇಲೆ ಸೂಪರ್ ಡಿವಿಷನ್. ಕೆಳಗಿನ ಡಿವಿಷನ್ ಆದರೂ ಪರವಾಗಿಲ್ಲ, ಆಡಿಸುವ ಕ್ಲಬ್ ಹುಡುಕಿ. ದುಬಾರಿ ಅಕಾಡೆಮಿಗೆ ಫೀಸು ಕಟ್ಟಿ ಬೆಂಚಲ್ಲಿ ಕೂತರೆ ಏನೂ ಬರಲ್ಲ. ಮಾರಿಕುಪ್ಪಂನಿಂದ ರೈಲಿದೆ, ನಿಮ್ಮೂರಿನ ಎಷ್ಟೋ ಜನ ಅದರಲ್ಲೇ ದಿನಾ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ಬರ್ತಾರೆ. ಟ್ರಯಲ್‌ಗೆ ಹೋಗುವಾಗ ವಯಸ್ಸಿನ ದಾಖಲೆ ಜೊತೆಗಿರಲಿ. ಪಿಯುಸಿ ಮಾತ್ರ ಬಿಡಿಸಬೇಡಿ.