ಡೆಸೆರೆಟ್: ಜೇನುಹುಳದ ಹೆಸರಿನ ರಾಜ್ಯ

ಮೊದಲೇ ಹೇಳಿಬಿಡುತ್ತೇನೆ, ಇದು ‘ಡೆಸರ್ಟ್’ ಅಲ್ಲ. ಮರಳುಗಾಡಿಗೂ ಈ ಪದಕ್ಕೂ ನಂಟಿಲ್ಲ. ಡೆಸೆರೆಟ್ ಅಂದರೆ ಜೇನುಹುಳ. ಅಮೆರಿಕದಲ್ಲೇ ಹುಟ್ಟಿದ ಕ್ರೈಸ್ತ ಪಂಗಡವಾದ ಮಾರ್ಮನ್ನರ ಧರ್ಮಗ್ರಂಥ ‘ಬುಕ್ ಆಫ್ ಮಾರ್ಮನ್’ನಲ್ಲಿ ಬರುವ ಪದ. ಅಮೆರಿಕದ ನಕ್ಷೆಯಲ್ಲಿ ಈ ಹೆಸರಿನ ರಾಜ್ಯವೊಂದು ಇರಬೇಕು ಅಂತ ಅವರು ಹಟ ಹಿಡಿದಿದ್ದರು. ಈಗ ಅಲ್ಲಿರುವುದು ಯೂಟಾ.

1844ರಲ್ಲಿ ಇಲಿನಾಯ್‌ನ ಜೈಲಿಗೆ ನುಗ್ಗಿದ ಗುಂಪೊಂದು ಮಾರ್ಮನ್ನರ ಗುರು ಜೋಸೆಫ್ ಸ್ಮಿತ್‌ರನ್ನು ಕೊಂದಿತು. ಉಳಿದವರಲ್ಲಿ ಹೆಚ್ಚಿನವರು ಬ್ರಿಗಮ್ ಯಂಗ್ ಹಿಂದೆ ಪಶ್ಚಿಮಕ್ಕೆ ಗಾಡಿ ಕಟ್ಟಿದರು. 1847ರ ಜುಲೈನಲ್ಲಿ ಸಾಲ್ಟ್ ಲೇಕ್ ಕಣಿವೆ ಸೇರಿದರು. ಅದು ಆಗ ಮೆಕ್ಸಿಕೋಗೆ ಸೇರಿದ ಜಾಗ. ಯೂಟ್, ಶೊಶೋನಿ ಜನ ಮೊದಲಿನಿಂದಲೂ ಅಲ್ಲಿದ್ದರು. ಮರುವರ್ಷವೇ ಜಾಗ ಅಮೆರಿಕದ ಪಾಲಾಯಿತು.

1849ರಲ್ಲಿ ಇವರು ‘ಡೆಸೆರೆಟ್ ರಾಜ್ಯ’ ಕೇಳಿದರು. ಕೇಳಿದ್ದೇನು ಸಣ್ಣದಲ್ಲ! ಇಂದಿನ ಯೂಟಾ, ನೆವಾಡದ ಬಹುಪಾಲು, ಅರಿಜೋನಾದ ದೊಡ್ಡ ಭಾಗ, ಜೊತೆಗೆ ಕ್ಯಾಲಿಫೋರ್ನಿಯಾದ ಸಮುದ್ರ ತೀರದ ಒಂದು ತುಂಡು. 1850ರಲ್ಲಿ ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತು, ಕೊಟ್ಟಿದ್ದು ‘ಯೂಟಾ ಟೆರಿಟರಿ’. ಹೆಸರು ಯೂಟ್ ಜನರದ್ದು, ಅಧಿಕಾರ ವಾಷಿಂಗ್ಟನ್ನಿನದು. ಗವರ್ನರ್, ಜಡ್ಜ್ ಎಲ್ಲರನ್ನೂ ನೇಮಿಸುವುದು ಅಧ್ಯಕ್ಷರು. ನಮ್ಮ ಕೇಂದ್ರಾಡಳಿತ ಪ್ರದೇಶ ನೆನಪಾಗುತ್ತದೆ, ಅಲ್ವಾ?

ರಾಜ್ಯ ಯಾಕೆ ಸಿಗಲಿಲ್ಲ? ಬಹುಪತ್ನಿತ್ವ ಅನ್ನುವುದು ಎಲ್ಲರಿಗೂ ಗೊತ್ತಿರುವ ಉತ್ತರ. 1852ರಲ್ಲಿ ಚರ್ಚ್ ಅದನ್ನು ಬಹಿರಂಗವಾಗಿಯೇ ಒಪ್ಪಿಕೊಂಡಿತು. ಆದರೆ ನನಗೆ ಕಾಣುವಂತೆ, ವಾಷಿಂಗ್ಟನ್ನಿಗೆ ಇನ್ನೊಂದು ಭಯವೂ ಅಷ್ಟೇ ಇತ್ತು. ಚರ್ಚಿನ ಮುಖ್ಯಸ್ಥ ಬ್ರಿಗಮ್ ಯಂಗ್, ಮೊದಲ ಗವರ್ನರ್ ಕೂಡ ಅವರೇ. ಇಂಥವರ ಕೈಗೆ ಪೂರ್ತಿ ರಾಜ್ಯ ಕೊಟ್ಟರೆ ಆಮೇಲೆ ಹಿಡಿಯುವವರು ಯಾರು? ಅತ್ತ ಯೂಟಾದಿಂದಲೇ ಕತ್ತರಿಸಿದ ನೆವಾಡ 1864ರಲ್ಲಿ ರಾಜ್ಯವಾಯಿತು. ಅಲ್ಲಿ ಜನ ಯೂಟಾಕ್ಕಿಂತ ಕಡಿಮೆ, ಬೆಳ್ಳಿ ಮಾತ್ರ ಜಾಸ್ತಿ.

ಮಾರ್ಮನ್ನರು ಸುಮ್ನೆ ಕೂರಲಿಲ್ಲ. 1862ರಿಂದ ಕೆಲವು ವರ್ಷ ಒಂದು ವಿಚಿತ್ರ ನಡೆಯಿತು. ಟೆರಿಟರಿಯ ಶಾಸನಸಭೆ ಮುಗಿದ ಮೇಲೆ ಅದೇ ಸದಸ್ಯರು ‘ಡೆಸೆರೆಟ್ ರಾಜ್ಯದ ಸಭೆ’ ಅಂತ ಮತ್ತೆ ಸೇರುತ್ತಿದ್ದರು. ಅವೇ ಕಾನೂನುಗಳಿಗೆ ಇನ್ನೊಮ್ಮೆ ಒಪ್ಪಿಗೆ ಕೊಡುತ್ತಿದ್ದರು! ಇಂಗ್ಲಿಷ್ ಬರೆಯಲು 38 ಅಕ್ಷರಗಳ ಡೆಸೆರೆಟ್ ಲಿಪಿಯನ್ನೂ ಮಾಡಿಕೊಂಡಿದ್ದರು, ಒಂದು ಉಲಿಗೆ ಒಂದು ಅಕ್ಷರ. ಕನ್ನಡದವರಿಗೆ ಇದು ಸಹಜ ಅನ್ನಿಸುತ್ತದೆ, ಆದರೆ ಅಲ್ಲಿ ಹಿಡಿಸಲಿಲ್ಲ.

ಆರು ಅರ್ಜಿಗಳು ಬಿದ್ದುಹೋದವು. ಕೊನೆಕೊನೆಗೆ ಅರ್ಜಿಯಲ್ಲೂ ಡೆಸೆರೆಟ್ ಹೋಗಿ ಯೂಟಾ ಬಂತು. ಬಹುಪತ್ನಿತ್ವದ ವಿರುದ್ಧ ಕಾಂಗ್ರೆಸ್ ಮಾಡಿದ 1887ರ ಕಾನೂನು ಚರ್ಚಿನ ಆಸ್ತಿಗೇ ಕೈಹಾಕಿತು. 1870ರಿಂದ ಯೂಟಾದ ಹೆಂಗಸರಿಗಿದ್ದ ಮತದ ಹಕ್ಕನ್ನೂ ಕಿತ್ತುಕೊಂಡಿತು. 1890ರಲ್ಲಿ ಚರ್ಚಿನ ಅಧ್ಯಕ್ಷ ವಿಲ್‌ಫರ್ಡ್ ವುಡ್ರಫ್, ಇನ್ನು ಇಂಥ ಮದುವೆ ಬೇಡ ಎಂದು ಪ್ರಕಟಣೆ ಹೊರಡಿಸಿದರು. 1896ರ ಜನವರಿ 4ರಂದು ಯೂಟಾ 45ನೇ ರಾಜ್ಯವಾಯಿತು. ಬಹುಪತ್ನಿತ್ವಕ್ಕೆ ಎಂದೆಂದಿಗೂ ನಿಷೇಧ ಎಂದು ಅದರ ಸಂವಿಧಾನದಲ್ಲೇ ಬರೆಯಬೇಕಾಯಿತು. ಹೆಂಗಸರ ಮತ ವಾಪಸ್ ಬಂತು.

ಪದ ಮಾತ್ರ ಪೂರ್ತಿ ಸತ್ತಿಲ್ಲ. 1850ರಲ್ಲಿ ಶುರುವಾದ ‘ಡೆಸೆರೆಟ್ ನ್ಯೂಸ್’ ಈಗಲೂ ಬರುತ್ತಿದೆ. ಯೂಟಾದ ಬಾವುಟದಲ್ಲಿ ಜೇನುಗೂಡಿದೆ. ಬುಟ್ಟಿ ಬೋರಲು ಹಾಕಿದಂತಿರುವ ಹಳೇ ಕಾಲದ ಗೂಡು ಅದು. ರಾಜ್ಯ ಹೆದ್ದಾರಿಯ ಬೋರ್ಡುಗಳಲ್ಲೂ ಅದೇ ಗೂಡು, ಒಳಗೆ ರಸ್ತೆಯ ನಂಬರು.