ಖಂಡನಾ ನಿರ್ಣಯ: 424–0 ಅನ್ನು ಓದುವುದು ಹೇಗೆ?

2025ರ ಜೂನ್ 14ರ ನಸುಕು. ಅಮೆರಿಕದ ಮಿನ್ನೆಸೋಟ ರಾಜ್ಯ. ಪೊಲೀಸ್ ವೇಷದಲ್ಲಿ ಬಂದವನೊಬ್ಬ ಚಾಂಪ್ಲಿನ್ ಊರಿನಲ್ಲಿ ರಾಜ್ಯ ಸೆನೆಟರ್ ಜಾನ್ ಹಾಫ್‌ಮನ್ ಅವರ ಬಾಗಿಲು ಬಡಿದ. ಅವರಿಗೆ ಒಂಬತ್ತು ಗುಂಡು ಬಿದ್ದವು, ಪತ್ನಿಗೆ ಎಂಟು. ಇಬ್ಬರೂ ಬದುಕಿಕೊಂಡರು. ಅದೇ ನಸುಕಿನಲ್ಲಿ ಬ್ರೂಕ್ಲಿನ್ ಪಾರ್ಕ್ ಊರಿನಲ್ಲೂ ಇಂಥದೇ ದಾಳಿ ನಡೆಯಿತು. ಅಲ್ಲಿದ್ದ ಮೆಲಿಸ್ಸಾ ಹಾರ್ಟ್‌ಮನ್ ಮತ್ತು ಅವರ ಪತಿ ಮಾರ್ಕ್ ಬದುಕಲಿಲ್ಲ. ಮೆಲಿಸ್ಸಾ ಆ ರಾಜ್ಯದ ಕೆಳಮನೆಯ ಮಾಜಿ ಸ್ಪೀಕರ್.

ಹನ್ನೊಂದು ದಿನ ಕಳೆದ ಮೇಲೆ, ಜೂನ್ 25ರಂದು, ವಾಷಿಂಗ್ಟನ್ನಿನ ಪ್ರತಿನಿಧಿ ಸಭೆ (ಇಡೀ ದೇಶದ ಸಂಸತ್ತಿನ ಕೆಳಮನೆ) ಈ ದಾಳಿಯನ್ನು ಖಂಡಿಸಿ ನಿರ್ಣಯ ಅಂಗೀಕರಿಸಿತು. ಪರವಾಗಿ 424, ವಿರುದ್ಧ ಸೊನ್ನೆ.

ನಮ್ಮಲ್ಲಿ ಜಾಸ್ತಿ ಜನ ಕೇಳುವ ಪ್ರಶ್ನೆ: ಇದರಿಂದ ಏನಾಯ್ತು? ಕಾನೂನಿನ ಲೆಕ್ಕದಲ್ಲಿ ಏನೂ ಆಗಲಿಲ್ಲ. ಇದು ಒಂದೇ ಸದನದ ಸರಳ ನಿರ್ಣಯ. ಸೆನೆಟ್‌ಗೆ ಹೋಗುವುದಿಲ್ಲ, ಅಧ್ಯಕ್ಷರ ಸಹಿ ಬೇಡ, ಯಾರಿಗೂ ಶಿಕ್ಷೆಯಿಲ್ಲ, ಒಂದು ಡಾಲರ್ ಖರ್ಚೂ ಮಂಜೂರಾಗುವುದಿಲ್ಲ. ನಿರ್ಣಯದ ಮೊದಲ ಭಾಗದಲ್ಲಿ ನಡೆದದ್ದರ ವಿವರ, ಒಂದೊಂದು ವಾಕ್ಯವೂ ‘ಹೀಗಿರುವುದರಿಂದ’ ಎಂಬ ಧಾಟಿಯಲ್ಲಿ. ಕೊನೆಯಲ್ಲಿ ಸದನ ಏನು ಹೇಳುತ್ತದೆ ಎನ್ನುವುದು. ಅಷ್ಟೇ.

ಹಾಗಾದರೆ ಸುಮ್ನೆ ಮಾತಾ? ನನಗೆ ಹಾಗನ್ನಿಸುವುದಿಲ್ಲ. ಯಾರು ಹೇಗೆ ಮತ ಹಾಕಿದರು ಎಂಬುದು ಹೆಸರು ಸಮೇತ ದಾಖಲಾಗುತ್ತದೆ. ನಿರ್ಣಯದ ತೂಕ ಇರುವುದು ಅಲ್ಲಿ. ಮತ ಒಡೆದಾಗ ಏನಾಗುತ್ತದೆ ಅಂತ ನೋಡಿದರೆ ಇದು ಅರ್ಥವಾಗುತ್ತದೆ. ಅದಕ್ಕೆ 1856ಕ್ಕೆ ಹೋಗಬೇಕು.

ಆ ವರ್ಷ ಮೇ ತಿಂಗಳಲ್ಲಿ ಮ್ಯಾಸಚೂಸೆಟ್ಸ್‌ನ ಸೆನೆಟರ್ ಚಾರ್ಲ್ಸ್ ಸಮ್ನರ್ ಗುಲಾಮಗಿರಿಯ ವಿರುದ್ಧ ಕಟುವಾಗಿ ಮಾತಾಡಿದರು. ದಕ್ಷಿಣ ಕ್ಯಾರೊಲಿನಾದ ಸೆನೆಟರ್ ಒಬ್ಬರನ್ನು ಹೆಸರು ಹಿಡಿದೇ ಹಂಗಿಸಿದರು. ಆ ಸೆನೆಟರ್‌ನ ಬಂಧು ಪ್ರೆಸ್ಟನ್ ಬ್ರೂಕ್ಸ್, ಸ್ವತಃ ಪ್ರತಿನಿಧಿ ಸಭೆಯ ಸದಸ್ಯ. ಮೇ 22ರಂದು ಕಲಾಪ ಮುಗಿದ ಮೇಲೆ ಸೆನೆಟ್ ಸಭಾಂಗಣಕ್ಕೇ ಬಂದು, ಕೂತು ಬರೆಯುತ್ತಿದ್ದ ಸಮ್ನರ್ ತಲೆಗೆ ಚಿನ್ನದ ಹಿಡಿಯ ಬೆತ್ತದಿಂದ ಬಾರಿಸತೊಡಗಿದ. ಸಮ್ನರ್ ಕಾಲು ಮೇಜಿನ ಕೆಳಗೆ ಸಿಕ್ಕಿಕೊಂಡಿತ್ತು. ಮೇಜನ್ನು ನೆಲಕ್ಕೆ ಬಿಗಿದಿದ್ದರು. ಅದನ್ನು ಕಿತ್ತುಕೊಂಡು ಎದ್ದರೂ ಏಟು ನಿಲ್ಲಲಿಲ್ಲ, ಬೆತ್ತ ಮುರಿಯಿತು. ಅವರು ಪೂರ್ತಿ ಕೆಲಸಕ್ಕೆ ಮರಳಿದ್ದು 1859ರಲ್ಲಿ.

ಬ್ರೂಕ್ಸ್‌ನನ್ನು ಉಚ್ಚಾಟಿಸುವ ಪ್ರಸ್ತಾವಕ್ಕೆ ಜುಲೈನಲ್ಲಿ 121 ಮತ ಪರ, 95 ವಿರುದ್ಧ. ಬಹುಮತ ಇತ್ತು, ಆದರೆ ಬೇಕಾಗಿದ್ದದ್ದು ಮೂರನೇ ಎರಡರಷ್ಟು. ವಿರೋಧ ಹೆಚ್ಚಾಗಿ ದಕ್ಷಿಣದ ಸದಸ್ಯರದ್ದೇ. ಬ್ರೂಕ್ಸ್ ತಾನಾಗಿ ರಾಜೀನಾಮೆ ಕೊಟ್ಟ, ಉಪಚುನಾವಣೆಯಲ್ಲಿ ಗೆದ್ದು ವಾಪಸ್ ಬಂದ. ಅಭಿಮಾನಿಗಳು ಅವನಿಗೆ ಹೊಸ ಬೆತ್ತಗಳನ್ನು ಕಳಿಸಿಕೊಟ್ಟರು! ಐದು ವರ್ಷದೊಳಗೆ ಅಂತರ್ಯುದ್ಧ ಶುರುವಾಯಿತು. ಮತ ಒಡೆದದ್ದೇ ಯುದ್ಧಕ್ಕೆ ಕಾರಣ ಅಂತ ಅಂದುಕೊಳ್ಳಬೇಡಿ, ಅದು ತಪ್ಪು. ಸಭೆಯೊಳಗಿನ ಹಲ್ಲೆಯನ್ನೂ ‘ನಮ್ಮವನು’ ಎಂಬ ಕಣ್ಣಿನಿಂದಲೇ ನೋಡುವ ಸ್ಥಿತಿ ಆಗಲೇ ಬಂದಿತ್ತು ಎಂಬುದಕ್ಕೆ ಆ ಮತಪಟ್ಟಿ ಸಾಕ್ಷಿ. ಈಗ 424ರ ಮುಂದಿನ ಸೊನ್ನೆಯನ್ನು ಮತ್ತೆ ನೋಡಿ.

ಆದರೆ ಸೊನ್ನೆ ತಾನಾಗಿ ಬರುವುದಿಲ್ಲ. ಅದಕ್ಕೆ ಪಠ್ಯ ಬಿಗಿಯಾಗಿರಬೇಕು. ಅದೇ 2025ರ ಸೆಪ್ಟೆಂಬರ್‌ನಲ್ಲಿ ಚಾರ್ಲಿ ಕರ್ಕ್ ಹತ್ಯೆಯಾಯಿತು. ಅವರು ಚುನಾಯಿತರಲ್ಲ, ಬಲಪಂಥೀಯ ರಾಜಕೀಯ ಕಾರ್ಯಕರ್ತ. ಆಗ ಬಂದ ನಿರ್ಣಯ ಕೊಲೆಯನ್ನು ಖಂಡಿಸಿದ್ದಲ್ಲದೆ ಅವರ ಬದುಕನ್ನೂ ಕೆಲಸವನ್ನೂ ಹೊಗಳಿತ್ತು. 310 ಪರ, 58 ವಿರುದ್ಧ, 38 ಮಂದಿ ಪರವೂ ಅಲ್ಲ, ವಿರುದ್ಧವೂ ಅಲ್ಲ, ‘ಹಾಜರ್’ ಎಂದಷ್ಟೇ ದಾಖಲಿಸಿದರು. ವಿರೋಧಿಸಿದ ಡೆಮಾಕ್ರಟಿಕ್ ಸದಸ್ಯರಲ್ಲಿ ಹಲವರು, ಕೊಲೆಯನ್ನು ಖಂಡಿಸುತ್ತೇವೆ, ಹೊಗಳಿಕೆಗೆ ಒಪ್ಪುವುದಿಲ್ಲ ಎಂದರು. ಪರ ಇದ್ದವರಿಗೆ ಅದು ಮೃತನಿಗೆ ಸಲ್ಲಬೇಕಾದ ಗೌರವ. ಎರಡೂ ವಾದ ಗಮನಿಸಿ. ಅಂಕಿ ಮಾತ್ರ ನೋಡಿ ‘58 ಜನ ಹಿಂಸೆಯ ಪರ’ ಅಂದುಬಿಟ್ಟರೆ ಓದುವುದು ಕೆಟ್ಟಿತು ಅಲ್ವಾ?

ಬೆದರಿಕೆ ಎಷ್ಟು ಹೆಚ್ಚಿದೆ ಎಂಬುದಕ್ಕೆ ಸಂಸತ್ತಿನ ಭದ್ರತೆ ನೋಡಿಕೊಳ್ಳುವ ಕ್ಯಾಪಿಟಲ್ ಪೊಲೀಸರ ಲೆಕ್ಕ ನೆನಪಿಡಿ. ಸಂಸತ್ ಸದಸ್ಯರು, ಅವರ ಕುಟುಂಬ, ಸಿಬ್ಬಂದಿ ಮೇಲಿನ ಬೆದರಿಕೆ ಮತ್ತು ಆತಂಕಕಾರಿ ಮಾತುಗಳ ಪ್ರಕರಣ 2017ರಲ್ಲಿ 3,939, 2024ರಲ್ಲಿ 9,474.

ನಿಜವಾದ ರಕ್ಷಣೆ ಬಂದದ್ದು ಬೇರೆ ದಾರಿಯಲ್ಲಿ. ಜೂನ್ ದಾಳಿಯ ನಂತರ ಪ್ರತಿನಿಧಿ ಸಭೆ ತನ್ನ ಸದಸ್ಯರ ಮನೆ ಭದ್ರತೆಯ ಭತ್ಯೆಯನ್ನು 10,000 ಡಾಲರ್‌ನಿಂದ 20,000ಕ್ಕೆ ಏರಿಸಿತು. ವೈಯಕ್ತಿಕ ಭದ್ರತೆಗೆ ತಿಂಗಳಿಗೆ 150 ಡಾಲರ್ ಇದ್ದದ್ದು 5,000 ಆಯಿತು. ಇದಕ್ಕೆ ಆ ನಿರ್ಣಯದ ಒಂದು ಸಾಲೂ ಬೇಕಿರಲಿಲ್ಲ, ಇದು ಆಡಳಿತದ ತೀರ್ಮಾನ. ಇನ್ನೊಂದು ವಿಷಯ: ಈ ಹಣ ಸಿಗುವುದು ವಾಷಿಂಗ್ಟನ್ನಿನ ಸದಸ್ಯರಿಗೆ. ಹಾರ್ಟ್‌ಮನ್ ಮತ್ತು ಹಾಫ್‌ಮನ್ ರಾಜ್ಯ ಶಾಸಕರು, ಅವರಂಥವರು ಇದರ ವ್ಯಾಪ್ತಿಗೇ ಬರುವುದಿಲ್ಲ. ರಾಜ್ಯಗಳು ತಮ್ಮ ದಾರಿ ತಾವು ನೋಡಿಕೊಂಡವು. ನಾರ್ತ್ ಡಕೋಟ ಮೊದಲು ಮಾಡಿದ ಕೆಲಸಗಳಲ್ಲಿ ಒಂದು, ತನ್ನ ವೆಬ್‌ಸೈಟಿನಿಂದ ಶಾಸಕರ ಮನೆ ವಿಳಾಸ ತೆಗೆದುಹಾಕಿದ್ದು.